ಚಕ್ರದ ಭಾವ

ನನ್ನ ಹೆಂಡತಿಯ ಅಣ್ಣನಿಗೆ ದೇವರ ಮೇಲೆ ಇದ್ದದ್ದು ಒಂದೇ ಒಂದು ಅಸಮಾಧಾನ: ಮನುಷ್ಯನಿಗೆ ಪಾದ ಕೊಟ್ಟ ಜಾಗದಲ್ಲಿ ಚಕ್ರ ಕೊಡಬಾರದಿತ್ತೇ!

ನಾನು ಅವರಿಗೆ ಭಾವ, ಅವರು ನನಗೆ ಭಾವ. ಹಾಗೆಂದು ನನ್ನ ಹೆಂಡತಿಯ ಕಣ್ಣಲ್ಲಿ ನಾವಿಬ್ಬರೂ ಸಮಾನರೆಂದು ತಿಳಿಯಬೇಡಿ. ‘ನನ್ನ ಅಣ್ಣ’ ಎನ್ನುವಾಗ ಅವಳ ಮುಖದಲ್ಲಿ ಹತ್ತುತ್ತಿದ್ದ ದೀಪ ನಮ್ಮ ಮದುವೆಯ ದಿನವೂ ಹತ್ತಿರಲಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ಭಾವನಿಗೆ ಸುಳ್ಯದಲ್ಲಿ ಹೋಟೆಲಿತ್ತು. ನಾನು ಹೇಳುತ್ತಿರುವುದು ಅರವತ್ತರ ದಶಕದ ಮಾತು. ಸಂಪಾಜೆ ಘಾಟಿ ಇಳಿದು ಬಂದ ಲಾರಿಯವರು ಅಲ್ಲಿ ಚಹಾ ಕುಡಿದು, ಸವೆದ ಬೇರಿಂಗುಗಳನ್ನು ಬಿಸಾಡಿ ಹೋಗುತ್ತಿದ್ದರು. ಭಾವ ಅವನ್ನು ಹೂವು ಹೆಕ್ಕಿದ ಹಾಗೆ ಹೆಕ್ಕುತ್ತಿದ್ದರು. ಬೆಂಚಿಗೆ ಚಕ್ರ, ತಿಂಡಿಯ ಕಪಾಟಿಗೆ ಚಕ್ರ! ಗಿರಾಕಿ ಬೆಂಚಿಗೆ ಒರಗಿದರೆ ಒಬ್ಬನೇ ಹಿಂದಕ್ಕೆ ಹೋಗುತ್ತಿದ್ದ, ಅವನ ಇಡ್ಲಿ ಮೇಜಿನ ಮೇಲೇ ಉಳಿಯುತ್ತಿತ್ತು.

ಒಂದು ದಿನ ಸಾಂಬಾರಿನ ಹಂಡೆಗೂ ಗಾಡಿ ಬಂತು. ನಾಲ್ಕೂ ಸುತ್ತ ತಿರುಗುವ ಚಕ್ರಗಳು. ಎಡಕ್ಕೆ ದೂಡಿದರೆ ಬಲಕ್ಕೆ ಹೋಯಿತು, ಬಲಕ್ಕೆ ದೂಡಿದರೆ ನೆಟ್ಟಗೆ ಹೋಗಿ, ಕಾಫಿ ಕುಡಿಯುತ್ತಿದ್ದ ಮಾಸ್ತರರ ಮಡಿಲಿಗೆ ಅರ್ಧ ಸೌಟು ಸಾಂಬಾರು ಬಡಿಸಿತು.

“ಎಂತ ಮಾರಾಯ್ರೆ ಇದು? ನಾನು ಇಡ್ಲಿ ಹೇಳಲೇ ಇಲ್ಲ!” ಎಂದರು ಮಾಸ್ತರರು.

ಭಾವ ಅವರ ಪಂಚೆಯನ್ನು ನೋಡಲೇ ಇಲ್ಲ. ಗಾಡಿಯ ಅಡಿಗೆ ಬಗ್ಗಿ, “ತಪ್ಪು ಗೊತ್ತಾಯ್ತು. ಮುಂದಿನ ಎರಡು ತಿರುಗ್ಬೇಕು, ಹಿಂದಿನ ಎರಡು ತಿರುಗ್ಲಿಕ್ಕೆ ಆಗ್ಬಾರ್ದು. ಎಲ್ಲವೂ ತಿರುಗಿದ್ರೆ ದಾರಿ ಹಿಡಿಯುದು ಯಾರು?” ಎಂದರು.

ಈ ಮಾತು ಪುತ್ತೂರಿನ ನಮ್ಮ ಮನೆಗೆ ತಲುಪಿದಾಗ ನನ್ನ ಹೆಂಡತಿ ಅದನ್ನು ವೇದವಾಕ್ಯದಂತೆ ಹೇಳಿಕೊಂಡು ತಿರುಗಿದಳು. ನನ್ನ ಯಾವ ಮಾತನ್ನು ಅವಳು ಎರಡನೇ ಸಲ ಹೇಳಿದ್ದಾಳೆ, ಹೇಳಿ?

ನಾನೂ ಹಠಕ್ಕೆ ಬಿದ್ದೆ. ನನ್ನ ಜವಳಿ ಅಂಗಡಿಯ ಗಾಜಿನ ಕಪಾಟಿಗೆ ನಾನೇ ಚಕ್ರ ಹೊಡೆದೆ. ಅಂಗಡಿ ಇದ್ದದ್ದು ಇಳಿಜಾರು ರಸ್ತೆಯ ಬದಿಗೆ. ಚಕ್ರಕ್ಕೆ ತಡೆ ಎಂಬುದೊಂದು ಬೇಕು ಎಂದು ಯಾರಾದರೂ ನನಗೆ ಹೇಳಿದ್ದರೇ? ಹೆಂಗಸೊಬ್ಬರು ಸೀರೆ ನೋಡಲು ಕಪಾಟಿಗೆ ಕೈಯಿಟ್ಟದ್ದೇ ತಡ, ಅದು ಹೊರಟಿತು! ಬಾಗಿಲು ದಾಟಿ ರಸ್ತೆಗಿಳಿಯಿತು. ಹಿಂದೆ ನಾನು ಓಡಿದೆ. ನನ್ನ ಪಕ್ಕದಲ್ಲೇ ಆ ಹೆಂಗಸೂ ಓಡುತ್ತಾ, “ಆ ಹಸಿರು ಅಂಚಿನದ್ದು ಉಂಟಲ್ಲ, ಅದಕ್ಕೆ ಸ್ವಲ್ಪ ಕಡಿಮೆ ಮಾಡಿ!” ಎನ್ನುತ್ತಿದ್ದರು.

ಕಪಾಟು ಕೆಳಗಿನ ತಿರುವಿನ ಚರಂಡಿಯಲ್ಲಿ ವಿಶ್ರಮಿಸಿತು. ಮರುವಾರ ಭಾವ ಬಂದು, ಒಂದಿಷ್ಟೂ ನಗದೆ, ಚಕ್ರಗಳಿಗೆ ಮರದ ಬೆಣೆ ಮಾಡಿಕೊಟ್ಟು ಹೋದರು. ನಕ್ಕಿದ್ದರಾದರೂ ಸಹಿಸಬಹುದಿತ್ತು! “ನೋಡಿ, ನನ್ನ ಅಣ್ಣ!” ಎಂದಳು ಇವಳು. ನೋಡದೆ ಏನು ಮಾಡಲಿ?

ಆ ವರ್ಷವೇ ಇವಳು ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಕಾಲಿಗೆ ಪಟ್ಟಿ ಹಾಕಿ, ಅಲುಗಾಡಬಾರದು ಎಂದರು ಡಾಕ್ಟರು. ಒಳಕೋಣೆಯಲ್ಲಿ ಮಲಗಿಸಿ ನಾನೇ ಗಂಜಿ ಬೇಯಿಸಿದೆ, ತಲೆ ಬಾಚಿದೆ, ಪೇಪರು ಓದಿ ಹೇಳಿದೆ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳ ಬಾಯಲ್ಲಿ ನನ್ನ ಹೊಗಳಿಕೆ ಮೊಳೆಯುವ ಲಕ್ಷಣ ಕಂಡಿತು. ಅಷ್ಟರಲ್ಲಿ ಹೆಗಲಿಗೆ ಗೋಣಿಚೀಲ ಏರಿಸಿಕೊಂಡು ಭಾವ ಬಸ್ಸಿಳಿದರು!

ಬಂದವರು ಚಹಾ ಕೂಡ ಕುಡಿಯಲಿಲ್ಲ. ನಾವಿಬ್ಬರು ಮಂಚವನ್ನು ಒಂದೊಂದೇ ಬದಿ ಎತ್ತಿ ಕಲ್ಲಿಟ್ಟ ಮೇಲೆ, ಭಾವ ಅದರ ಕಾಲುಗಳಿಗೆ ಚಕ್ರ ಕೂರಿಸಿದರು.

“ಬರೀ ಬೇರಿಂಗಾದ್ರೆ ಅದುರಿ ಅವಳಿಗೆ ನೋವಾಗ್ತದೆ. ಅದಕ್ಕೆ ರಬ್ಬರು ಸುತ್ತಿದ್ದೇನೆ. ಹೊಸ್ತಿಲು ದಾಟ್ಬೇಕಲ್ಲ, ಹಾಗಾಗಿ ದೊಡ್ಡದೇ ಮಾಡಿದೆ,” ಎಂದರು.

ಹೊಸ್ತಿಲಿನ ಎರಡೂ ಬದಿಗೆ ಹಲಗೆ ಇಟ್ಟು, ಮಂಚ ಸಮೇತ ಅವಳನ್ನು ಜಗಲಿಗೆ ತಂದರು. ಬೆಟ್ಟಂಪಾಡಿಯ ಬಸ್ಸು ಹೋಗುವುದು ಕಂಡು ಅವಳು ಮಗುವಿನ ಹಾಗೆ ನಕ್ಕಳು. ನನ್ನ ಗಂಜಿಗೆ ಈ ನಗು ಬಂದಿರಲಿಲ್ಲ!

ತಡೆಯಲಾಗಲಿಲ್ಲ. “ಅಲ್ಲ ಭಾವ, ನಿಮಗೆ ಈ ಚಕ್ರದ ಮರುಳು ಹಿಡಿದದ್ದಾದರೂ ಎಲ್ಲಿಂದ?” ಎಂದು ಚುಚ್ಚಿದೆ.

ಅವರು ಜಗಲಿಯ ಅಂಚಿನಲ್ಲಿ ನಮಗೆ ಬೆನ್ನು ಹಾಕಿ ಕೂತರು. ಅವರ ಹೆಂಡತಿ ಕೆಲವು ವರ್ಷಗಳ ಹಿಂದೆ ಕಾಯಿಲೆಯಿಂದ ತೀರಿಕೊಂಡದ್ದು ನನಗೆ ಗೊತ್ತಿತ್ತು. ಅಷ್ಟೇ ಗೊತ್ತಿತ್ತು.

“ಅವಳ ಮಂಚ ಗೋಡೆಗೆ ಮುಖ ಮಾಡಿ ಇತ್ತು,” ಎಂದರು. “ಒಮ್ಮೆ ಬಾಗಿಲಿನ ಕಡೆ ತಿರುಗಿಸಿ, ಹೋಗುವವರು ಬರುವವರು ಕಾಣ್ಲಿ ಅಂತ ಕೇಳಿದ್ಲು. ಬೀಟೆ ಮರದ್ದು, ನನ್ನೊಬ್ಬನಿಂದ ಅಲ್ಲಾಡ್ಲಿಲ್ಲ. ಹೋಟೆಲಿನಲ್ಲಿ ಜನ ಕಾಯ್ತಿದ್ರು. ನಾಳೆ ನಾಲ್ಕು ಜನರನ್ನು ಕರ್ಕೊಂಡು ಬರ್ತೇನೆ ಅಂದೆ.”

ಉಳಿದ ರಬ್ಬರಿನ ತುಂಡನ್ನು ಹೆಕ್ಕಿ ಗೋಣಿಚೀಲಕ್ಕೆ ಹಾಕಿದರು.

“ಮರುದಿನ ನಾಲ್ಕು ಜನ ಬಂದ್ರು ಭಾವ. ಮಂಚ ತಿರುಗಿಸ್ಲಿಕ್ಕೆ ಅಲ್ಲ.”

ನಾನು ಎದ್ದು ಹೋಗಿ ಮಂಚದ ತಲೆಬದಿಯನ್ನು ಹಿಡಿದುಕೊಂಡೆ. “ಎತ್ತ ತಿರುಗಿಸುದು ಭಾವ?” ಎಂದೆ.

“ನನ್ನನ್ನೆಂತಕ್ಕೆ ಕೇಳುದು? ಅವಳನ್ನು ಕೇಳಿ.”

ಕೇಳಿದೆ. ಬಸ್ಸು ಬರುವ ಬದಿಗೆ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕಣ್ಣೊರೆಸಿಕೊಂಡು, “ಅಣ್ಣನ ಮುಖ ಕಾಣುವ ಹಾಗೆ,” ಎಂದಳು.

ಮೆಲ್ಲನೆ ದೂಡಿದೆ.