ಮೊಬೈಲಿಗೆ ಟವಲ್ ಹಾಕಿದ ಕಂಡಕ್ಟರು

ನಿವೃತ್ತ ಬಸ್ ಕಂಡಕ್ಟರ್ ಚನ್ನಮಲ್ಲಯ್ಯನವರಿಗೆ ಈ ಭೂಮಂಡಲದಲ್ಲಿ ಕಂಡರಾಗದ ವಸ್ತು ಒಂದೇ ಒಂದು: ಟವಲ್ಲು. ಮೈ ಒರೆಸುವ ಟವಲ್ಲಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಹಾರಿ ಬಂದು ಸೀಟಿನ ಮೇಲೆ ಪವಡಿಸುತ್ತದಲ್ಲ, ಆ ಟವಲ್ಲು. ಶಿರಾ, ಮಧುಗಿರಿ, ಪಾವಗಡ ರೂಟಿನಲ್ಲಿ ಮೂವತ್ತೊಂದು ವರ್ಷ ಅವರು ಇಂಥ ಟವಲ್ಲುಗಳನ್ನು ಬಂದ ಕಿಟಕಿಯಿಂದಲೇ ವಾಪಸು ಕಳಿಸಿದ್ದರು. "ಸೀಟು ಮನ್ಷನಿಗೆ ಕಣ್ರೀ, ಬಟ್ಟೆಗಲ್ಲ!" ಎಂಬುದು ಅವರ ಘೋಷವಾಕ್ಯ. (ಒಮ್ಮೆ ಹಾಗೆ ಎಸೆದದ್ದು ಸ್ವಂತ ಮಾವನವರ ಟವಲ್ಲು. ಆ ವರ್ಷ ದೀಪಾವಳಿಗೆ ಅಳಿಯನಿಗೆ ಪಂಚೆ ಬರಲಿಲ್ಲ.)

ಇಂಥವರ ಕೈಗೆ ನಿವೃತ್ತಿಯಾದ ಮೇಲೆ ಸ್ಮಾರ್ಟ್‌ಫೋನು ಬಂತು. ಮೂರೇ ತಿಂಗಳಲ್ಲಿ ಶಿರಾದ ಅವರ ಬೀದಿಗೆಲ್ಲ ಅವರೇ ಮೊಬೈಲ್ ಪಂಡಿತರಾದರು. ಮನೆಯಲ್ಲಿ ಹೆಂಡತಿ ಮುದ್ದಕ್ಕನ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಹಳೇ ಫೋನು. ಹಾಗಾಗಿ ಆಕೆಗೊಂದು ಆ್ಯಪ್ ಬೇಕಾದಾಗ ಪಂಡಿತರನ್ನೇ ಕೇಳಬೇಕಾಯಿತು.

ಯಾವುದೋ ಟೀವಿಯವರು 'ತವರಿನ ತಟ್ಟೆ' ಅಂತ ಅಡುಗೆ ಸ್ಪರ್ಧೆ ಇಟ್ಟಿದ್ದರು. ಅವರ ಆ್ಯಪ್ ಹಾಕಿಕೊಂಡು, ಅದರೊಳಗಿನಿಂದಲೇ ಅಡುಗೆಯ ಫೋಟೊ ತೆಗೆದು ಕಳಿಸಬೇಕು. ಹಬೆ ಕಾಣಬೇಕು. ಶನಿವಾರ ಸಂಜೆ ಐದಕ್ಕೆ ಬಾಗಿಲು ಬಂದ್. ಮುದ್ದಕ್ಕ ಪಾವಗಡದ ಕಡೆ ನಿಡುಗಲ್ ಬೆಟ್ಟದ ಬುಡದ ಹೆಣ್ಣು. ಹುಣಸೆ ಚಿಗುರಿನ ಸಾರು, ರಾಗಿಮುದ್ದೆ ಆಕೆಯ ಕೈಯ ಕಸುಬು.

"ಮೂವತ್ತು ವರ್ಷದಿಂದ ಈ ಮನೇಲಿ 'ಉಪ್ಪು ಕಮ್ಮಿ', 'ಹುಳಿ ಮುಂದು' ಇವೆರಡು ಬುಟ್ಟು ನನ್ ಕಿವಿಗೆ ಇನ್ನೇನೂ ಬಿದ್ದಿಲ್ಲ. ಗೊತ್ತಿಲ್ದೋರಾದ್ರೂ ಒಂದ್ಸಲ ಚೆನ್ನಾಗೈತೆ ಅಂದ್ರೆ ಸಾಕು" ಎಂದಳು.

"ಅದೆಷ್ಟೊತ್ತಿನ ಕೆಲಸ!" ಎಂದು ಚನ್ನಮಲ್ಲಯ್ಯನವರು ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಆ್ಯಪ್ ಹಾಕುವ ಗುಂಡಿ ಒತ್ತಿದರು. ಪರದೆಯ ಮೇಲೆ 'ಬಾಕಿಯಿದೆ' ಎಂದು ಬಂತು. ಬಂದದ್ದು ಹೋಗಲಿಲ್ಲ.

ಫೋನು ಆರಿಸಿ ಹಚ್ಚಿದರು. 'ಬಾಕಿಯಿದೆ'. ತಾರಸಿ ಹತ್ತಿ ನಾಲ್ಕು ದಿಕ್ಕಿಗೂ ತೋರಿಸಿದರು. 'ಬಾಕಿಯಿದೆ'. ಬಸ್ಸಿನ ಮೈಗೆ ಬಡಿಯುವಂತೆ ಫೋನಿನ ಬೆನ್ನಿಗೆ ಎರಡು ಬಡಿದು "ರೈಟ್!" ಎಂದರು. ಕೊನೆಗೆ ಮೊಳೆಗೆ ನೇತುಹಾಕಿದ್ದ ಹಳೇ ಸೀಟಿಯನ್ನು ತಂದು ಊದಿಯೂ ನೋಡಿದರು. ಎದುರುಮನೆಯ ನಾಯಿ ಎದ್ದು ಹೊರಟಿತು. ಆ್ಯಪ್ ಹೊರಡಲಿಲ್ಲ.

ಗಂಟೆ ನಾಲ್ಕಾಯಿತು. ಸಿಟ್ಟು ಬಂದರೆ ಮುದ್ದಕ್ಕನ ಭಾಷೆ ಪಾವಗಡ ದಾಟಿ ಆಂಧ್ರಕ್ಕೇ ಹೋಗಿ ನಿಲ್ಲುತ್ತಿತ್ತು. "ಏಮಯ್ಯಾ ಇದಿ! ಸಾರು ಕುದ್ದೂ ಕುದ್ದೂ ಗೊಜ್ಜಾಯ್ತಾ ಐತೆ. ನಡೀರಿ ನಸ್ರುಲ್ಲಾನ ಅಂಗಡಿಗೆ!"

"ನಂಗೆ ಬರ್ದೇ ಇರೋದು ಅವನಿಗೇನ್ ಬಂದೀತು?"

"ನಿಮಗೇನ್ ಬಂತು ಅಂತ ಈಗ ನೋಡಿದ್ನಲ್ಲ!"

ಹೀಗೆ ಮುಂದೆ ಬಿಸಿ ಸಾರಿನ ಪಾತ್ರೆ, ಮುದ್ದೆಯ ಡಬ್ಬಿ ಹೊತ್ತ ಮುದ್ದಕ್ಕ, ಹಿಂದೆ ತಟ್ಟೆ ಹಿಡಿದ ಪಂಡಿತರು, ಇಬ್ಬರೂ ಬಸ್‌ಸ್ಟ್ಯಾಂಡಿನ ಪಕ್ಕದ ಮೊಬೈಲ್ ಅಂಗಡಿಗೆ ಮೆರವಣಿಗೆ ಹೋದರು.

ನಸ್ರುಲ್ಲಾ ಫೋನು ಇಸಕೊಂಡು ಬೆರಳಾಡಿಸಿದ. ಹುಬ್ಬು ಮೇಲೆ ಹೋಯಿತು. "ಅರೆ ಕಂಡಕ್ಟರ್ ಸಾಬ್, ಅಮ್ಮನ ಆ್ಯಪ್‌ದು ಏನೂ ತಪ್ಪಿಲ್ಲ. ಅದರ ಮುಂದೆ ನಲವತ್ಮೂರು ಆ್ಯಪ್ ಕ್ಯೂ ನಿಂತವೆ!"

"ಯಾರ್ ನಿಲ್ಸಿದ್ದು?"

"ನೀವೇ. ಕಂಡಿದ್ದಕ್ಕೆಲ್ಲ ಒತ್ತಿದ್ದೀರ. ಇದು ನೋಡಿ, ವಿಮಾನದ ಟೈಮಿಂಗ್ಸು."

"ಇರ್ಲಿ ಅಂತ. ಫ್ರೀ ಇತ್ತು."

"ಜಪಾನಿ ಭಾಷೆ ಕಲೀರಿ."

"ಅದೂ ಫ್ರೀನೇ."

"ಗರ್ಭಿಣಿಯರ ದಿನಚರಿ..."

ಮುದ್ದಕ್ಕ ಪಾತ್ರೆಯನ್ನು ಕೌಂಟರಿನ ಮೇಲೆ ಕುಕ್ಕಿದಳು. "ಯಾರ್ರೀ ಅದು?"

"ಯಾರೂ ಇಲ್ಲ ಕಣೇ! ಮುಂದೆ ಬೇಕಾದ್ರೆ ಸಿಗ್ತದೋ ಇಲ್ವೋ ಅಂತ ಸುಮ್ನೆ ಒಂದು ಜಾಗ ಹಿಡಿದಿಟ್ಟಿದ್ದೆ..."

ತಾವು ಏನು ಹೇಳಿದೆವೆಂದು ಅವರಿಗೇ ಕೇಳಿಸಿತು. ಮುದ್ದಕ್ಕನಿಗೂ ಕೇಳಿಸಿತು. ಎಲ್ಲರಿಗಿಂತ ಚೆನ್ನಾಗಿ ನಸ್ರುಲ್ಲಾನಿಗೆ ಕೇಳಿಸಿತು.

"ಟವಲ್!" ಎಂದ ಅವನು, ಸಾವಕಾಶವಾಗಿ. "ಸಾಬ್, ನೆನಪೈತಾ? ನನ್ ಮದ್ವೆ ಆದ ಹೊಸದು. ಬೀಬೀನ ಕರ್ಕೊಂಡು ಮಧುಗಿರಿಗೆ ಹೊರಟಿದ್ದೆ. ಎರಡು ಸೀಟಿಗೆ ಟವಲ್ ಹಾಕಿದ್ದೆ, ಅತ್ತೆ ಕೊಟ್ಟಿದ್ದು, ಹೊಸದು. ನೀವು ಎತ್ತಿ ಎಸೆದ್ರಿ. ಮೋರಿಗೆ ಬಿತ್ತು. ಮಧುಗಿರಿವರೆಗೂ ನಿಂತ್ಕೊಂಡೇ ಹೋದ್ವಿ."

"ರೂಲ್ಸು ರೂಲ್ಸೇ" ಎಂದರು ಚನ್ನಮಲ್ಲಯ್ಯನವರು. ದನಿ ಮಾತ್ರ ಕೊನೇ ಸ್ಟಾಪಿನಲ್ಲಿ ಇಳಿದು ಹೋಗುತ್ತಿತ್ತು.

"ಮತ್ತಿನ್ನೇನು, ಎಸೀರಿ!" ಎಂದಳು ಮುದ್ದಕ್ಕ. "ಗಂಟೆ ನಾಲ್ಕೂಮುಕ್ಕಾಲು!"

ನಸ್ರುಲ್ಲಾ ತೋರಿಸಿಕೊಟ್ಟಂತೆ ಅವರೇ ಒಂದೊಂದಾಗಿ ಕಿತ್ತು ಎಸೆಯತೊಡಗಿದರು. ವಿಮಾನ ಇಳಿಯಿತು, ಜಪಾನು ಇಳಿಯಿತು, ಗರ್ಭಿಣಿಯರು ಜೋಪಾನವಾಗಿ ಇಳಿದರು. ಎಲ್ಲಕ್ಕೂ ಮುಂದೆ ಭಾರೀ ಆಟವೊಂದು, 'ಆನೆ ಓಟ', ಶಿವರಾತ್ರಿಯಿಂದ ಮೂರು ಪರ್ಸೆಂಟಿನಲ್ಲೇ ಮಲಗಿ ಬಾಗಿಲಿಗೆ ಅಡ್ಡವಾಗಿತ್ತು. ಅದನ್ನು ಎಳೆದು ಹಾಕಿದ್ದೇ ತಡ, 'ತವರಿನ ತಟ್ಟೆ' ಸರ್ರನೆ ಫೋನು ಹತ್ತಿ ಕೂತಿತು.

ಐದಕ್ಕೆ ಎಂಟು ನಿಮಿಷ. ಮೊಬೈಲ್ ಕವರುಗಳನ್ನು ಪಕ್ಕಕ್ಕೆ ಸರಿಸಿ ಮುದ್ದಕ್ಕ ಕೌಂಟರಿನ ಮೇಲೆ ತಟ್ಟೆ ಇಟ್ಟಳು, ಮುದ್ದೆ ಕೂರಿಸಿದಳು, ಸಾರು ಬಿಟ್ಟಳು. ಹಬೆ ಎದ್ದಿತು. ನಸ್ರುಲ್ಲಾ ಫೋಟೊ ಹೊಡೆದು ಕಳಿಸಿದ. 'ನಿಮ್ಮ ತಟ್ಟೆ ತಲುಪಿದೆ' ಎಂದು ಪರದೆಯ ಮೇಲೆ ಹೂವು ಉದುರಿದವು. ಮುದ್ದಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಮತ್ತೊಂದೋ ಪಂಡಿತರು ಕೇಳಲಿಲ್ಲ.

ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ತಾರಸಿ ಹತ್ತಿ ಇಳಿದು ಮಧ್ಯಾಹ್ನದ ಊಟ ಎಂದೋ ಕರಗಿತ್ತು. ಹುಣಸೆ ಚಿಗುರು, ಬೆಳ್ಳುಳ್ಳಿಯ ಒಗ್ಗರಣೆ ಮೂಗಿಗೆ ಬಂದು ಕುಳಿತಿತ್ತು. ತಟ್ಟೆಯ ಮುಂದಿದ್ದ ಒಂದೇ ಒಂದು ಸ್ಟೂಲಿನ ಕಡೆಗೆ ಅವರು ಮೆಲ್ಲಗೆ ಸರಿದರು.

ಅಷ್ಟರಲ್ಲಿ ಗಾಜು ಒರೆಸುವ ಟವಲ್ಲೊಂದು ಕೌಂಟರಿನ ಆಚೆಯಿಂದ ಹಾರಿ ಬಂದು ಸ್ಟೂಲಿನ ಮೇಲೆ ಪವಡಿಸಿತು.

"ಸೀಟಿಗೆ ಜನ ಐತೆ ಸಾಬ್" ಎಂದ ನಸ್ರುಲ್ಲಾ, ಕೈ ತೊಳೆಯುತ್ತ.

ಮೂವತ್ತೊಂದು ವರ್ಷದ ಅಭ್ಯಾಸ. ಚನ್ನಮಲ್ಲಯ್ಯನವರ ಕೈ ತಾನಾಗಿಯೇ ಟವಲ್ಲಿಗೆ ಹೋಯಿತು.

"ಎಸೀರಿ ನೋಡಾನ" ಎಂದಳು ಮುದ್ದಕ್ಕ.

ಅವರು ಟವಲ್ಲನ್ನು ಎತ್ತಿದರು, ನೀಟಾಗಿ ಎರಡು ಮಡಿಕೆ ಮಾಡಿದರು, ಸ್ಟೂಲಿನ ಮೇಲೆ ಮತ್ತೆ ಹಾಸಿ ಸುಕ್ಕು ತೀಡಿದರು. ನಸ್ರುಲ್ಲಾ ಬಂದು ಕೂತು ಮೊದಲ ತುತ್ತು ನುಂಗಿದ. "ವಾಹ್ ಅಮ್ಮ! ಏನ್ ಸಾರು ಇದು!" ಮುದ್ದಕ್ಕನ ಮುಖ ಅರಳಿತು.

ಬಾಗಿಲ ಕಂಬಿ ಹಿಡಿದು ನಿಂತಿದ್ದ ಕಂಡಕ್ಟರು ಗಂಟಲು ಸರಿಮಾಡಿಕೊಂಡು, ಮದುವೆಯಾದಂದಿನಿಂದ ಆಡದ ಮಾತೊಂದನ್ನು ಆಡಿದರು: "ಹೂಂ... ಚೆನ್ನಾಗೈತೆ ಕಣೇ."

"ತಿನ್ನದೇ ಹೆಂಗ್ ಗೊತ್ತಾಯ್ತು?"

"ವಾಸನೇಲೇ ಗೊತ್ತಾಯ್ತದೆ."

ಮುದ್ದಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿ, ನಸ್ರುಲ್ಲಾನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

"ಮೂರ್ ಪರ್ಸೆಂಟ್ ಆಗೈತೆ. ಕಾಯ್ರಿ."