ಚನ್ನಬಸಯ್ಯನವರ ಹಿಮಪ್ರೇಮ

ರಜಾ ಅರ್ಜಿಯ ಹಾಳೆಯೊಂದನ್ನು ಬುಧವಾರ ಸಂಜೆ ಆಫೀಸಿನ ಪ್ರಿಂಟರಿನಲ್ಲೇ ಮರೆತು ಬಂದದ್ದು ಚನ್ನಬಸಯ್ಯನವರು ಮಾಡಿದ ತಪ್ಪು. ಅದು ಬೇರೆ ಯಾರ ಕೈಗೆ ಸಿಕ್ಕಿದ್ದರೂ ಬರೀ ಕಾಗದವಾಗಿರುತ್ತಿತ್ತು. ರಾಮಮೂರ್ತಿಯ ಕೈಗೆ ಸಿಕ್ಕಿ ಡಂಗುರವಾಯಿತು.

೨೦೦೧ರ ಫೆಬ್ರುವರಿ ಮುಗಿಯುತ್ತ ಬಂದಿತ್ತು. ಇಬ್ಬರೂ ಮಿಸಿಸಾಗಾದ ಮೆಡೋವೇಲ್ ಬಡಾವಣೆಯಲ್ಲಿ ಗಣಿಗಳಿಗೆ ಪಂಪು ಮಾಡಿಕೊಡುವ ಒಂದು ಕಂಪನಿಯಲ್ಲಿ ಇಂಜಿನಿಯರುಗಳು. ಅದೇ ಊರಿನ ಎರಿನ್ ಮಿಲ್ಸಿನಲ್ಲಿ ಅಕ್ಕಪಕ್ಕದ ಮನೆ, ಆಫೀಸಿಗೆ ಒಂದೇ ಕಾರು. ಚನ್ನಬಸಯ್ಯ ವಿಜಾಪುರದವರು, ರಾಮಮೂರ್ತಿ ಮೈಸೂರಿನವರು. ರಾಮಮೂರ್ತಿ ಕೆಟ್ಟ ಮನುಷ್ಯನೇನಲ್ಲ. ಊರಿನವರ ಒಳ್ಳೆಯದನ್ನೆಲ್ಲ ಅವರಿಗಿಂತ ಮೊದಲೇ ಯೋಚಿಸಿಬಿಡುವ ಕಾಯಿಲೆ, ಅಷ್ಟೇ. ಚನ್ನಬಸಯ್ಯನವರದ್ದು ಇನ್ನೊಂದು ಕಾಯಿಲೆ. ಸಿಟ್ಟು ಬಂದಾಗ ಬಾಯಿಗೆ ಏನು ಬರುತ್ತದೋ ಅದೇ ಮಾತು, ನಿಜವೋ ಸುಳ್ಳೋ ಅವರೇ ನೋಡುತ್ತಿರಲಿಲ್ಲ.

ಗುರುವಾರ ಬೆಳಗ್ಗೆ ಅವರು ಮನೆ ಮುಂದಿನ ಡ್ರೈವ್‌ವೇಯಲ್ಲಿ ಹಿಮ ತೋಡುತ್ತಿದ್ದರು. ಅರ್ಧ ಗಂಟೆ ಬೆನ್ನು ಮುರಿದು ದಾರಿ ಮಾಡಿದ್ದರು. ಅಷ್ಟರಲ್ಲಿ ಮುನಿಸಿಪಾಲಿಟಿಯ ಹಿಮದ ಗಾಡಿ ಬಂದು ರಸ್ತೆಯ ಹಿಮವನ್ನೆಲ್ಲ ಗೋರಿ, ಅದೇ ದಾರಿಯ ಬಾಯಿಗೆ ಸೊಂಟದೆತ್ತರ ಒಡ್ಡು ಹಾಕಿ ಹೋಯಿತು. ಆ ಒಡ್ಡಿನ ಆಚೆಯಿಂದ ರಾಮಮೂರ್ತಿಯ ಹೆಂಡತಿ ಭಾನುಮತಿಯ ಮುಖ ಉದಯಿಸಿತು.

"ಏನು ಚನ್ನಬಸಯ್ಯನವರೇ, ಯೂರೋಪಿಗೆ ಹೊರಟಿದ್ದೀರಂತೆ! ಯಾವುದೋ ಇನ್ಸ್‌ಬ್ರುಕ್ಕಂತೆ? ಇವರು ರಾತ್ರಿ ಹೇಳಿದ್ರು. ಸುತ್ತ ಬರೀ ಹಿಮದ ಬೆಟ್ಟವಂತಲ್ಲ ಅಲ್ಲಿ? ಇಲ್ಲಿ ಬೀಳ್ತಿರೋದು ಸಾಲ್ದಾ?"

ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚನ್ನಬಸಯ್ಯ ಸಿಡಿದರು. "ಸಾಲೂದಿಲ್ರೀ! ನನಗ ಇನ್ನೂ ಬೇಕಾಗೈತಿ!" ಎಂದವರೇ ಸಲಿಕೆ ತುಂಬ ಹಿಮ ಎತ್ತಿ ಬೀಸಿ ಒಗೆದರು. ಅದು ಹೋಗಿ ಪಕ್ಕದ ರಾಮಮೂರ್ತಿಯ ಮನೆಯವರು ಆಗಷ್ಟೇ ಗುಡಿಸಿ ಕನ್ನಡಿ ಮಾಡಿಟ್ಟಿದ್ದ ಡ್ರೈವ್‌ವೇಯ ನಟ್ಟನಡುವೆ ಬಿತ್ತು. ಭಾನುಮತಿ ಆ ಹಿಮವನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಚನ್ನಬಸಯ್ಯ ಹಲ್ಲು ಕಚ್ಚಿಕೊಂಡು ಹೋಗಿ ಅದನ್ನೂ ತೋಡಿಕೊಟ್ಟು ಬಂದರು.

ಕಾರಿನಲ್ಲಿ ರಾಮಮೂರ್ತಿ ಸೀಟ್‌ಬೆಲ್ಟು ಹಾಕಿಕೊಳ್ಳುವ ಮೊದಲೇ ಶುರುಮಾಡಿದರು.

"ನನ್ನ ಮಾತು ಕೇಳಿ. ಮಾರ್ಚ್ ತಿಂಗಳಲ್ಲಿ ಈ ದೇಶದಲ್ಲಿ ಬುದ್ಧಿ ಇರೋನು ಬಿಸಿಲಿರೋ ಕಡೆ ಓಡ್ತಾನೆ. ಕ್ಯೂಬಾಗೆ ಹೋಗಿ. ಮರಳಲ್ಲಿ ಮಲಕ್ಕೊಳ್ಳಿ, ಎಳನೀರು ಕುಡೀರಿ. ನಿಮ್ಮನೆ ಅತ್ತಿಗೆಗೂ ಮಂಡಿನೋವಿಗೆ ಒಳ್ಳೇದು."

"ನಾ ವಿಜಾಪುರದಾಗ ಹುಟ್ಟಿದಂವ. ಮೂರು ಜನ್ಮಕ್ಕ ಆಗೂವಷ್ಟು ಬಿಸಲು ತಿಂದೀನಿ. ಸುಮ್ನ ಕೂಡ್ರಿ."

"ಅದಲ್ಲ, ಇನ್ಸ್‌ಬ್ರುಕ್ಕಲ್ಲಿ ಅಂಥಾದ್ದೇನಿದೆ ಅಂತ?"

ಚನ್ನಬಸಯ್ಯನವರ ಹತ್ತಿರ ಉತ್ತರ ಇತ್ತು. ಆದರೆ ರಾಮಮೂರ್ತಿಗೆ ಹೇಳುವಂಥದ್ದಲ್ಲ.

ಅವರು ಹುಟ್ಟಿ ಬೆಳೆದ ಓಣಿಯಲ್ಲಿ ಹುಡುಗರು ಸೈಕಲ್ಲು ಒರಗಿಸುತ್ತಿದ್ದದ್ದು ಆದಿಲಶಾಹಿ ಕಾಲದ ಗೋಡೆಗೆ. ಪರೀಕ್ಷೆಗೆ ಓದುತ್ತಿದ್ದದ್ದು ಯಾರದೋ ಹೆಸರಿಲ್ಲದ ಗುಮ್ಮಟದ ನೆರಳಲ್ಲಿ. ಹಳೆಯ ಕಲ್ಲಿಗೆ ಬೆನ್ನು ಕೊಟ್ಟು ಕೂತರೆ ಸಿಗುವ ತಂಪೇ ಬೇರೆ. ಮಿಸಿಸಾಗಾಕ್ಕೆ ಬಂದು ಹನ್ನೆರಡು ವರ್ಷವಾಯಿತು. ಇಲ್ಲಿ ಅವರು ದಿನಾ ನೋಡುವ ವಸ್ತುಗಳಲ್ಲಿ ಎಲ್ಲಕ್ಕಿಂತ ಹಳೆಯದು ಅವರ ಸ್ವಂತ ಬ್ರೀಫ್‌ಕೇಸು. ಲೈಬ್ರರಿಯಲ್ಲಿ ಸಿಕ್ಕ ಒಂದು ಪುಸ್ತಕದಲ್ಲಿ ಇನ್ಸ್‌ಬ್ರುಕ್ಕಿನ ಚಿತ್ರ ಕಂಡಾಗ ಅವರು ಪುಟ ತಿರುಗಿಸುವುದನ್ನೇ ಮರೆತಿದ್ದರು. ಕಣಿವೆಯ ನಡುವೆ ಹೊಳೆ, ಹೊಳೆಯ ದಂಡೆಗೆ ಬಣ್ಣಬಣ್ಣದ ಮನೆಗಳು, ಕಮಾನಿನ ಕೆಳಗೆ ಸಾಗುವ ಕಲ್ಲುಹಾಸಿನ ಓಣಿಗಳು, ಐನೂರು ವರ್ಷದ ಹಿಂದೆ ಯಾವನೋ ರಾಜ ಬಂಗಾರದ ತಗಡು ಹೊದಿಸಿದ ಮಾಡು. ಆ ಗೋಡೆಗಳಿಗೆ ಒಮ್ಮೆ ಕೈ ಇಡಬೇಕು. ಅಷ್ಟೇ ಆಸೆ. ಬೇಸಿಗೆಯಲ್ಲಿ ಅಲ್ಲಿ ಕಾಲಿಡಲಾರದಷ್ಟು ಜನ, ಅದಕ್ಕೇ ಮಾರ್ಚ್ ಮೊದಲ ವಾರ. ಹಿಮ ಅವರಿಗೆ ಬೇಡವೇ ಬೇಡ. ಹಿಮ ಕಂಡರೆ ಅವರಿಗೆ ಮೈಯೆಲ್ಲ ಉರಿ. ಆದರೆ "ಗೋಡೆ ಮುಟ್ಟೋಕೆ ಹೋಗ್ತೀನಿ" ಅಂದರೆ ರಾಮಮೂರ್ತಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಖಂಡಿತ.

ಆಫೀಸು ಮುಟ್ಟುವಷ್ಟರಲ್ಲಿ ಡಂಗುರ ಅವರಿಗಿಂತ ಮುಂದೆ ಮುಟ್ಟಿತ್ತು. ರಿಸೆಪ್ಶನಿನ ಹುಡುಗಿ ನಕ್ಕಳು: "ನಮ್ಮ ಹಿಮ ಸಾಲಲಿಲ್ಲವಾ?" ಲಿಫ್ಟಿನಲ್ಲಿ ಅಕೌಂಟ್ಸಿನವನು ಅದನ್ನೇ ಕೇಳಿದ. ಡ್ರಾಯಿಂಗ್ ವಿಭಾಗದ ಪಂಜಾಬಿ ಸರ್ದಾರ್ಜಿ ಬೆನ್ನು ತಟ್ಟಿ, "ಅರೇ ಯಾರ್, ನಮ್ಮ ಮನೆ ಹಿತ್ತಲಿಗೆ ಬಾ, ಬೇಕಾದಷ್ಟು ಇದೆ, ಸಲಿಕೆ ನಾನೇ ಕೊಡ್ತೀನಿ" ಅಂದ. ಹನ್ನೆರಡು ಗಂಟೆಯೊಳಗೆ ಆರು ಜನ. ಪ್ರತಿಯೊಬ್ಬನೂ ಜಗತ್ತಿನಲ್ಲಿ ಆ ಮಾತು ತನಗೇ ಮೊದಲು ಹೊಳೆದದ್ದು ಅನ್ನುವ ಹಾಗೆ ಮುಖ ಅರಳಿಸುತ್ತಿದ್ದ. ಚನ್ನಬಸಯ್ಯನವರ ಒಳಗೆ ಸಿಟ್ಟು, ತಳ ಹಿಡಿದ ನುಚ್ಚಿನ ಹಾಗೆ ಕಮಟು ವಾಸನೆ ಬಿಡತೊಡಗಿತ್ತು.

ಊಟದ ಕೋಣೆಯಲ್ಲಿ ಡಬ್ಬಿ ತೆರೆದು ಮೊದಲ ತುತ್ತು ಎತ್ತಿದ್ದರು. ಕಸದ ಬುಟ್ಟಿ ಖಾಲಿ ಮಾಡಲು ಬಂದ ಮುದುಕ ಕೂಡ ಅವರ ಮುಂದೆ ನಿಂತ. "ನೀವೇನಾ ಸಾರ್, ಹಿಮ ನೋಡೋಕೆ ಹಿಮದಿಂದ ಹಿಮಕ್ಕೆ ಹೋಗೋರು?"

ಚನ್ನಬಸಯ್ಯ ಎದ್ದು ನಿಂತರು. ಡಬ್ಬಿ ಮಗುಚಿತು. ಬದನೆಕಾಯಿ ಎಣಗಾಯಿ ಮೇಜಿನ ಮೇಲೆ ಹರಿಯಿತು. ಕೋಣೆಯಲ್ಲಿದ್ದ ಮೂವತ್ತು ಜನರೂ ಕೇಳುವ ಹಾಗೆ ಅವರು ಇಂಗ್ಲಿಷಿನಲ್ಲಿ ಗರ್ಜಿಸಿದರು.

"ಯೆಸ್! ಐ ಲವ್ ಸ್ನೋ! ಮೈನಸ್ ಮೂವತ್ತಾಗಲಿ, ಮೈನಸ್ ನಲವತ್ತಾಗಲಿ, ಐ ಲವ್ ಇಟ್! ಹಿಮ ಇಲ್ಲದಿದ್ದರೆ ನನಗೆ ರಾತ್ರಿ ನಿದ್ದೆ ಬರಲ್ಲ! ಇನ್ನು ಯಾರಿಗಾದರೂ ಕೇಳೋದಿದೆಯಾ?"

ಕಾಫಿ ಯಂತ್ರದ ಮುಂದೆ ನಿಂತಿದ್ದ ಮ್ಯಾನೇಜರ್ ಫ್ರೇಜರ್ ಕಪ್ಪು ತುಂಬಿಸಿಕೊಂಡು, ಅವರನ್ನೊಮ್ಮೆ ದಿಟ್ಟಿಸಿ ನೋಡಿ, ಸದ್ದಿಲ್ಲದೆ ಹೊರಗೆ ಹೋದ. ಚನ್ನಬಸಯ್ಯನವರಿಗೆ ಒಂಥರಾ ಹಗುರವಾಯಿತು. ಮೇಜು ಒರೆಸಿ ತಮ್ಮ ಜಾಗಕ್ಕೆ ಬಂದರೆ ಫೋನು ಬಡಿದುಕೊಳ್ಳುತ್ತಿತ್ತು.

ಆ ಕಡೆ ವೀರಭದ್ರಪ್ಪ. ಎರಿನ್ ಮಿಲ್ಸಿನ ಒಂದು ಪ್ಲಾಜಾದಲ್ಲಿ ಅವರದು ಟ್ರಾವೆಲ್ ಏಜೆನ್ಸಿ. ಇನ್ಸ್‌ಬ್ರುಕ್ಕಿಗೆ ಟಿಕೀಟು ಮಾಡಿಸಿದ್ದು ಅಲ್ಲೇ.

"ಅಯ್ನೋರ, ನೀವೇನೂ ಚಿಂತಿ ಮಾಡಬ್ಯಾಡ್ರಿ. ರಾಮಮೂರ್ತಿಯವರು ಫೋನ್ ಮಾಡಿ ಎಲ್ಲಾ ಹೇಳಿದ್ರು. ನಿಮ್ಮ ಎರಡೂ ಸೀಟು ಬಿಟ್ಟುಕೊಟ್ಟು ಕ್ಯೂಬಾಕ್ಕ ಬದಲಿ ಮಾಡೀನಿ. ಸಮುದ್ರದ ಕಡಿ ಕಿಟಕಿ!"

"ಯಾರ್ ಹೇಳಿದ್ರಿ ನಿಮಗ ಬದಲಿ ಮಾಡಂತ?"

"ರಾಮಮೂರ್ತಿಯವರು. ನಿಮಗ ಬಾಯಿಬಿಟ್ಟು ಹೇಳಾಕ ಸಂಕೋಚಂತ, ಅವರಾ ಹೇಳಿದ್ರು."

ಚನ್ನಬಸಯ್ಯ ರಾಮಮೂರ್ತಿಯನ್ನು ಹುಡುಕಿದರು. ಸಿಕ್ಕಿದ್ದರೆ ಏನಾಗುತ್ತಿತ್ತೋ, ಪುಣ್ಯಾತ್ಮ ಮೀಟಿಂಗಿನಲ್ಲಿದ್ದರು. ಕೋಟಿನ ಒಂದು ತೋಳು ಹಾಕಿಕೊಂಡು ಇನ್ನೊಂದು ತೋಳು ಎಳೆದಾಡಿಸುತ್ತ ಕಾರಿಗೆ ಓಡಿದರು. ದಾರಿಯುದ್ದಕ್ಕೂ ಮೈಸೂರು ಸಂಸ್ಥಾನವನ್ನು ಮೂರು ತಲೆಮಾರು ಬೈದರು. ಪ್ಲಾಜಾದಲ್ಲಿ ಬ್ರೇಕು ಒತ್ತಿದರೆ ಕಾರು ನಿಲ್ಲಲೊಲ್ಲದು. ಎಮ್ಮೆ ಕೆರೆಗಿಳಿದ ಹಾಗೆ ನಿಧಾನವಾಗಿ, ಗಂಭೀರವಾಗಿ ಹಿಮದ ಗುಡ್ಡೆಯೊಳಕ್ಕೆ ಮೂತಿ ತೂರಿಸಿತು. ಅದನ್ನು ಅಲ್ಲೇ ಬಿಟ್ಟು ಒಳಗೆ ನುಗ್ಗಿದರು.

"ವೀರಭದ್ರಪ್ಪ, ಈಗಿಂದೀಗ ನನ್ನ ಸೀಟು ವಾಪಸ್ ತಗೀರಿ."

"ಕೂಡ್ರಿ ಅಯ್ನೋರ, ಚಹಾ ತರಿಸ್ಲೇನು?"

"ಚಹಾ ಬ್ಯಾಡ! ಸೀಟು!"

ವೀರಭದ್ರಪ್ಪ ವಿಮಾನದ ಕಂಪನಿಗೆ ಫೋನು ಹಚ್ಚಿದರು. ಆ ಕಡೆಯಿಂದ ಪಿಟೀಲು ಸಂಗೀತ ಬಂತು. ನಲವತ್ತು ನಿಮಿಷ ಪಿಟೀಲೇ ಬಂತು. ಚನ್ನಬಸಯ್ಯ ಆ ಸಣ್ಣ ಅಂಗಡಿಯಲ್ಲಿ ಗೋಡೆಯಿಂದ ಗೋಡೆಗೆ ತಿರುಗಿದರು. ಒಮ್ಮೆ ತಿರುಗುವಾಗ ಕೋಟು ತಾಗಿ, ನಗುವ ಸುಂದರಿಯಿದ್ದ ಕ್ಯೂಬಾದ ರಟ್ಟಿನ ಬೋರ್ಡು ಬಿತ್ತು. ಅದನ್ನು ಎತ್ತಿ ನಿಲ್ಲಿಸಿದರು. ಮತ್ತೆ ಬಿತ್ತು. ಮೂರನೆಯ ಸಲ ಮುಖ ಗೋಡೆಗೆ ಮಾಡಿ ನಿಲ್ಲಿಸಿದರು.

ಕೊನೆಗೂ ಅದೇ ವಿಮಾನದಲ್ಲಿ ಎರಡು ಸೀಟು ಸಿಕ್ಕವು. ಶೌಚಾಲಯದ ಪಕ್ಕದ ಸಾಲು.

"ಆಗವಲ್ದ್ಯಾಕ. ಆದ್ರ ಒಂದು ಮಾತು," ಚನ್ನಬಸಯ್ಯ ಮೇಜು ಗುದ್ದಿದರು, "ಇನ್ನ ಮ್ಯಾಲ ರಾಮಮೂರ್ತಿ ಹೇಳಲಿ, ಆ ಬ್ರಹ್ಮದೇವರು ಬಂದು ಹೇಳಲಿ, ಈ ಟಿಕೀಟು ಬದಲಾಗಬಾರದು. ರದ್ದೂ ಆಗಬಾರದು. ಅಂಥಾ ಟಿಕೀಟು ಐತೇನು ನಿಮ್ಮಲ್ಲಿ?"

"ಐತಿ. ಆದ್ರ ನಾಳೆ ನಿಮಗಾ ಏನರ ಅಡಚಣಿ ಬಂದ್ರ—"

"ನನಗ್ಯಾವ ಅಡಚಣಿನೂ ಬರೂದಿಲ್ಲ! ಮಾಡ್ರಿ!"

ವೀರಭದ್ರಪ್ಪ ಮಾಡಿದರು. ಟಿಕೀಟುಗಳ ಮೇಲೆ ಕೆಂಪು ಮುದ್ರೆ ಒತ್ತಿದರು. ಆಮೇಲೆ ಇಬ್ಬರೂ ಸೇರಿ ಕಾರನ್ನು ಹಿಮದಿಂದ ಹೊರಗೆಳೆದರು.

ಎರಡೂವರೆಗೆ ಆಫೀಸಿಗೆ ಮರಳುವಾಗ ಚನ್ನಬಸಯ್ಯನವರ ಶೂಸಿನಲ್ಲಿ ನೀರಿತ್ತು, ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಆದರೆ ಕೋಟಿನ ಒಳಜೇಬಿನಲ್ಲಿ ಇನ್ಸ್‌ಬ್ರುಕ್ ಇತ್ತು. ಬೆಳಗಿನಿಂದ ಮೊದಲ ಬಾರಿಗೆ ಅವರ ಮುಖದ ಗಂಟು ಸಡಿಲಾಯಿತು. ಮೇಜಿನ ಮೇಲೆ ಚೀಟಿ: ಫ್ರೇಜರ್ ಸಾಹೇಬರನ್ನು ಕಾಣುವುದು.

ರಜೆಗೆ ಸಹಿ ಹಾಕಲು ಕರೆದಿರಬೇಕೆಂದು ಉತ್ಸಾಹದಿಂದಲೇ ಹೋದರು. ಒಳಗೆ ರಾಮಮೂರ್ತಿಯೂ ಕೂತಿದ್ದರು. ಅವರ ಮುಖದಲ್ಲಿ ಮಗಳ ಮದುವೆ ಗೊತ್ತುಮಾಡಿ ಬಂದವರ ಸಂತೋಷ.

"ಬಾ ಚೆನ್, ಕೂತ್ಕೋ," ಫ್ರೇಜರ್ ಎದ್ದು ಕೈಕುಲುಕಿದ. ಹಾಗೆ ಅವನು ಎದ್ದದ್ದು ಹನ್ನೆರಡು ವರ್ಷದಲ್ಲಿ ಅದೇ ಮೊದಲು. "ಉತ್ತರದ ಗಣಿಯಲ್ಲಿ ನಮ್ಮ ಪಂಪು ಕೂರಿಸ್ತಿದ್ದಾರಲ್ಲ, ಅಲ್ಲಿದ್ದ ಇಂಜಿನಿಯರು ನಿನ್ನೆ ಮಂಜುಗಡ್ಡೆ ಮೇಲೆ ಜಾರಿ ಕಾಲು ಮುರಕೊಂಡ. ಇನ್ನೊಬ್ಬರು ಬೇಕು. ಯಾರನ್ನ ಕೇಳಿದರೂ ಒಲ್ಲೆ ಅಂತಾರೆ. ಅಲ್ಲಿ ಮೈನಸ್ ಮೂವತ್ತೆಂಟು, ಹೊರಗೆ ಬಂದರೆ ಹಿಮ ಬಿಟ್ಟು ಬೇರೇನೂ ಕಾಣಲ್ಲ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಅಷ್ಟರಲ್ಲಿ ಊಟದ ಕೋಣೆಯಲ್ಲಿ ನಿನ್ನ ಮಾತು ಕೇಳಿದೆ."

ಚನ್ನಬಸಯ್ಯ ಕೋಟಿನ ಒಳಜೇಬನ್ನು ಒತ್ತಿ ಹಿಡಿದರು. "ಅದು ಸರ್… ನಾನು ಸುಮ್ಮನೆ…"

"ಸಂಕೋಚ ಪಡ್ಬೇಡಿ!" ರಾಮಮೂರ್ತಿ ಕನ್ನಡದಲ್ಲಿ ಹುರಿದುಂಬಿಸಿದರು. "ನಾನೇ ಎಲ್ಲಾ ಹೇಳಿದ್ದೀನಿ. ಇವರಿಗೆ ಹಿಮ ಅಂದ್ರೆ ಪ್ರಾಣ, ಬೆಳಗ್ಗೆ ನಮ್ಮನೆ ಹಿಮಾನೂ ಇವರೇ ತೋಡಿದ್ರು ಅಂತ. ಯೂರೋಪಿಗೆ ಯಾಕೆ ಹೋಗ್ತೀರಿ? ಕಂಪನಿ ಖರ್ಚಲ್ಲೇ ಆರು ವಾರ ಹಿಮ!"

"ಆರು ವಾರ?"

"ಭಾನುವಾರ ಬೆಳಗ್ಗೆ ವಿಮಾನ," ಅಂದ ಫ್ರೇಜರ್. "ನಿನ್ನ ರಜೆ ಬೇಸಿಗೆಯಲ್ಲಿ ತಗೋ. ಹೋಗ್ತೀಯಲ್ಲ?"

ಗಾಜಿನ ಬಾಗಿಲಾಚೆ ಆಫೀಸು ಕಾಣುತ್ತಿತ್ತು. ಕ್ರಿಸ್ಮಸ್ ಆದ ಮೇಲೆ ಅಲ್ಲಿ ನಾಲ್ಕು ಮೇಜು ಖಾಲಿಯಾಗಿದ್ದವು. ನಾಲ್ಕೂ ಜನ ಫ್ರೇಜರನ ಯಾವುದೋ ಒಂದು ಪ್ರಶ್ನೆಗೆ ಇಲ್ಲ ಅಂದು ಕೆಲಸ ಕಳೆದುಕೊಂಡವರೇ. ಚನ್ನಬಸಯ್ಯನವರಿಗೆ ಲೋಕದ ಮೇಲಿನ ಸಿಟ್ಟೆಲ್ಲ ಒಟ್ಟಾಗಿ ಗಂಟಲಿಗೆ ಬಂತು. ಬಾಯಿ ತೆರೆದರು. ಹೊರಗೆ ಬಂದದ್ದು, "ಯೆಸ್ ಸರ್."

ಸಂಜೆ ಮನೆಗೆ ಬರುವ ದಾರಿಯಲ್ಲಿ ರಾಮಮೂರ್ತಿ ಉಣ್ಣೆಯ ಕಾಲುಚೀಲದ ಬಗ್ಗೆ ಸಲಹೆ ಕೊಟ್ಟರು. ಚನ್ನಬಸಯ್ಯ ಸ್ಟೇರಿಂಗನ್ನು ಯಾರದೋ ಕುತ್ತಿಗೆ ಹಿಡಿದ ಹಾಗೆ ಹಿಡಿದಿದ್ದರು.

ಹೆಂಡತಿ ಜಯಶೀಲಾ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗಂಡ ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದಳು.

"ಟಿಕೀಟು ಮುಂದಕ್ಕ ಹಾಕಾಕ ಬರೂದಿಲ್ಲೇನ್ರಿ?"

"ಇಲ್ಲ. ನಾನಾ ಬದಲಾಗದ ಟಿಕೀಟು ಕೇಳಿ ತಗೊಂಡೀನಿ."

"ರೊಕ್ಕ?"

"ವಾಪಸ್ ಬರೂದಿಲ್ಲ."

ಜಯಶೀಲಾ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. "ಹಂಗಾರ ನೀವು ಗಣಿಗೆ ಹೋಗ್ರಿ. ನಾ ಇನ್ಸ್‌ಬ್ರುಕ್ಕಿಗೆ ಹೋಗಿ ಬರ್ತೀನಿ."

ಚನ್ನಬಸಯ್ಯ ಬೆಚ್ಚಿದರು. "ಒಬ್ಬಾಕಿನ?"

"ಯಾಕ, ಔಷಧಿ ಅಂಗಡಿಯಾಗ ದಿನಾ ನೂರು ಮಂದಿ ಜೋಡಿ ಇಂಗ್ಲಿಷ್ ಮಾತಾಡ್ತೀನಿ. ಅಲ್ಲಿ ನನ್ನೇನು ಹುಲಿ ತಿಂತಾವೇನು?"

ಅವರು ಎದ್ದು ಹೋಗಿ, ಮೂರು ತಿಂಗಳಿಂದ ಗುರುತು ಹಾಕಿಟ್ಟಿದ್ದ ಊರಿನ ನಕಾಶೆ ತಂದು ಊಟದ ಮೇಜಿನ ಮೇಲೆ ಹರಡಿದರು. ಧ್ವನಿ ಇಳಿದಿತ್ತು.

"ಇಲ್ಲಿ ನೋಡು. ಇದು ಹಳೇ ಪ್ಯಾಟಿ. ಈ ಕಮಾನಿನ ಕೆಳಗ ಹಾದು ಎಡಕ್ಕ ಹೊಳ್ಳು. ಐನೂರು ವರ್ಷದ ಗೋಡಿ ಅವು. ನನ್ನ ಪರವಾಗಿ ಒಮ್ಮೆ ಕೈಯರ ಹಚ್ಚು."

ಜಯಶೀಲಾ ನಕಾಶೆಯನ್ನು ನೋಡಲೂ ಇಲ್ಲ. "ಗೋಡಿ ಮುಟ್ಟಾಕ ನಾ ಯಾಕ ಹೋಗ್ಲಿ? ನಾ ಈ ಪ್ರವಾಸಕ್ಕ ಹೂಂ ಅಂದದ್ದು ಆ ತಂತಿ ಮ್ಯಾಲ ಹೋಗೂ ಡಬ್ಬಿಗಾಡಿ ಹತ್ತಿ, ಗುಡ್ಡದ ತುದಿಗೆ ಹೋಗಿ, ದಿನಾಪೂರ್ತಿ ಹಿಮಾ ನೋಡ್ಕೋತ ಕೂಡಾಕ. ಇಲ್ಲಿ ಬಿದ್ದದ್ದು ಮುಂಜಾನೆ ಕರ್ರಗ ಆಗಿರ್ತೈತಿ. ಅಲ್ಲಿ ಅದು ಹಾಲಿನಂಗ ಇರ್ತೈತಂತ. ನನಗ ಹಿಮಾ ಅಂದ್ರ ಬಾಳ ಸೇರ್ತೈತ್ರಿ."

ಚನ್ನಬಸಯ್ಯ ಕಣ್ಣು ಕಣ್ಣು ಬಿಟ್ಟರು. ಇಡೀ ದಿನದ ಸಿಟ್ಟಿಗೆ ಕೊನೆಗೂ ಒಬ್ಬರು ಸಿಕ್ಕಂತಾಯಿತು. ಮೇಜು ಗುದ್ದಿ ಕೂಗಿದರು:

"ಹನ್ನೆರಡು ವರ್ಷದಾಗ ಒಮ್ಮೆರ ಹೇಳಿದೇನು ನೀ ಇದನ್ನ?"

"ನೀವು ಹಿಮಾ ತೋಡೂಮುಂದ ದಿನಾ ಮುಂಜಾನೆ ಬೈತಿದ್ರಿ," ಅಂದಳು ಜಯಶೀಲಾ, ಬಿಸಿ ರೊಟ್ಟಿಯನ್ನು ತಾಟಿಗೆ ಹಾಕುತ್ತ. "ಅಂಥಾವರ ಮುಂದ ಹೆಂಗ ಹೇಳ್ಲಿ? ಉಣ್ರಿ, ಭಾನುವಾರ ನಸುಕಿನ್ಯಾಗ ಏಳಬೇಕು."