ತಮ್ಮ ನಿಧನವಾರ್ತೆಯ ಎಂಟನೇ ಪರಿಷ್ಕರಣೆ ಕುರಿತು

ಮಾನ್ಯರೇ,

ನಮ್ಮ ಪತ್ರಿಕೆಯ ವ್ಯವಸ್ಥಾಪಕ ನಿರ್ದೇಶಕರೂ ಐದನೇ ಮಹಡಿಯ ಗಾಜಿನ ಕೋಣೆಯ ಒಡತಿಯೂ ಆದ ತಮಗೆ, ನೆಲಮಹಡಿಯ ನಿಧನವಾರ್ತೆ ವಿಭಾಗದ ಏಕೈಕ ನೌಕರಳು ಎದ್ದುನಿಂತು ಮಾಡುವ ನಮಸ್ಕಾರಗಳು. ಕುರ್ಚಿಯ ಕಾಲು ಮುರಿದಿರುವುದರಿಂದ ಎದ್ದುನಿಲ್ಲುವುದು ನನಗೆ ರೂಢಿಯಾಗಿದೆ. ಪತ್ರಿಕೆಯಲ್ಲಿ ಜಾಗವಿಲ್ಲದ ಕಾರಣ ಇದನ್ನು ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೆ.

ದೊಡ್ಡವರು ತೀರಿಕೊಂಡ ದಿನ ಪರದಾಡಬಾರದೆಂದು, ಅವರು ಗಟ್ಟಿಮುಟ್ಟಾಗಿರುವಾಗಲೇ ನಿಧನವಾರ್ತೆ ಬರೆದಿಡುವುದು ನಮ್ಮ ಕಸುಬಿನ ಪದ್ಧತಿ. ತಮ್ಮದನ್ನೂ ಬರೆದಿಟ್ಟಿದ್ದೇನೆ. ಆದರೆ ತಾವು ಮೇಲೇರುವುದನ್ನು ನಿಲ್ಲಿಸುತ್ತಲೇ ಇಲ್ಲವಲ್ಲ! ಸುದ್ದಿ ಸಂಪಾದಕಿಯಾಗಿದ್ದಾಗ ಅರ್ಧ ಪುಟದಲ್ಲಿ ಮುಗಿಯುತ್ತಿದ್ದಿರಿ. ಸಂಪಾದಕಿಯಾದಾಗ ಎರಡು ಪುಟವಾದಿರಿ. ಎರಡು ಮುದ್ರಣಾಲಯ ಮುಚ್ಚಿಸಿದಾಗ ದಿಟ್ಟತನದ ಬಗ್ಗೆ ಒಂದು ಪ್ಯಾರಾ ಸೇರಿತು, ಮುಚ್ಚಿಸಿದ್ದಕ್ಕೆ ಪ್ರಶಸ್ತಿ ಬಂದಾಗ ಇನ್ನೊಂದು. ಈಗ ಒಂಬತ್ತು ಪುಟ. ಪ್ರತಿ ಸಲವೂ ತರಿಸಿಕೊಂಡು ಹಸಿರು ಶಾಯಿಯಲ್ಲಿ ತಿದ್ದಿ ಕಳಿಸುತ್ತೀರಿ. "ಅಪಾರ ಓದುಗರನ್ನು ಅಗಲಿದ್ದಾರೆ" ಎಂದಿದ್ದನ್ನು "ಕೋಟ್ಯಂತರ" ಮಾಡಿದ್ದೀರಿ. ಪ್ರಸಾರ ವಿಭಾಗದವರು ಆ ಓದುಗರನ್ನು ಇನ್ನೂ ಹುಡುಕುತ್ತಿದ್ದಾರೆ.

ತಾವು ಹೊಡೆದುಹಾಕಿದ್ದು ಒಂದೇ ಸಾಲು. ತಮಗೆ ಈ ಕೆಲಸ ಕಲಿಸಿದ್ದು ಹಿರಿಯ ಉಪಸಂಪಾದಕರು, ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದವರು, ಎಂಬ ಸಾಲು. ನಾವಿಬ್ಬರೂ ಒಂದೇ ದಿನ ಸೇರಿ ಒಂದೇ ಮೇಜಿಗೆ ಕೂತವರಾದ್ದರಿಂದ ನನಗೆ ನೆನಪಿದೆ: ಮೊದಲ ವಾರವೇ ಸತ್ತವರ ಜಾಗದಲ್ಲಿ ಬದುಕಿದ್ದ ಬಟ್ಟೆ ವ್ಯಾಪಾರಿಯ ಫೋಟೊ ಹಾಕಿಸಿದ್ದು ತಾವು, ತಪ್ಪು ತನ್ನದೆಂದು ಮಾಲೀಕರ ಮುಂದೆ ಕೈಕಟ್ಟಿ ನಿಂತು ಬೈಸಿಕೊಂಡದ್ದು ಅವರು. ತಮ್ಮ ಕೆಲಸ ಉಳಿದದ್ದು ಹಾಗೆ.

ಆ ಮೇಷ್ಟ್ರು ಹೋದ ಸೋಮವಾರ ತೀರಿಕೊಂಡರು. ನಾನು ಹನ್ನೆರಡು ಸಾಲು ಬರೆದೆ. ನಿವೃತ್ತ ಸಿಬ್ಬಂದಿಯ ನಿಧನವಾರ್ತೆ ಪ್ರಕಟಿಸತಕ್ಕದ್ದಲ್ಲ ಎಂಬ ತಮ್ಮ ಸುತ್ತೋಲೆ ತೋರಿಸಿ ಪುಟ ಕಟ್ಟುವವರು ಅದನ್ನು ವಾಪಸು ಮಾಡಿದರು. ಆ ಜಾಗದಲ್ಲಿ ತಾವು ಗಿಡ ನೆಡುವ ಚಿತ್ರ ಬಂತು. ಗಿಡ ಚೆನ್ನಾಗಿದೆ.

ಅವರ ಹೆಂಡತಿ ದಿನಾ ಬೆಳಿಗ್ಗೆ ಫೋನ್ ಮಾಡುತ್ತಾರೆ. "ಇವತ್ತೂ ಎಲ್ಲಾ ಪುಟ ನೋಡ್ದೆ ಕಣಮ್ಮ, ಕಾಣ್ಲಿಲ್ಲ. ನನ್ನ ಕಣ್ಣೇ ಮಂಜಾಗಿರ್ಬೇಕು," ಎನ್ನುತ್ತಾರೆ. ಅಕ್ಷರ ತೀರಾ ಸಣ್ಣದು ಎಂದು ನಿನ್ನೆ ಸುಳ್ಳು ಹೇಳಿದೆ. ನನಗೇ ನಾಚಿಕೆಯಾಯಿತು.

ಆದಕಾರಣ ತಮ್ಮ ಒಂಬತ್ತು ಪುಟಗಳಿಂದ ಹನ್ನೆರಡು ಸಾಲಿನ ಜಾಗವನ್ನು ಅವರಿಗೆ ಬಿಟ್ಟುಕೊಡಬೇಕೆಂದು ಪ್ರಾರ್ಥನೆ. ಅದು ಆಡಳಿತಕ್ಕೆ ಭಾರವೆನಿಸಿದರೆ, ಮೇಷ್ಟ್ರನ್ನು ಹಿಂದಿನ ತಾರೀಖಿನಿಂದ ಒಂದು ದಿನದ ಮಟ್ಟಿಗೆ ಮರುನೇಮಕ ಮಾಡಿಕೊಂಡು, ಸೇವೆಯಲ್ಲಿರುವಾಗಲೇ ತೀರಿಕೊಳ್ಳಲು ಅವರಿಗೆ ಅನುಮತಿ ಕೊಡಿಸಬೇಕು. ಅವರು ಯಾವತ್ತೂ ರಜೆ ಕೇಳಿದವರಲ್ಲ.

ತಮ್ಮ ವಿಶ್ವಾಸಿ,
ನೆಲಮಹಡಿಯವಳು

ಹೇಳಲು ಮರೆತದ್ದು: ಮುಂದಿನ ತಿಂಗಳ ಕೊನೆಗೆ ತಾವೂ ನಿವೃತ್ತರಾಗುತ್ತೀರಿ. ಸುತ್ತೋಲೆಯ ಪ್ರಕಾರ ಮಾರನೇ ದಿನವೇ ಒಂಬತ್ತು ಪುಟವೂ ರದ್ದಿಗೆ ಹೋಗುತ್ತದೆ. ಅದು ಬೇಡವೆಂದರೆ ಸುತ್ತೋಲೆ ವಾಪಸು ಪಡೆಯಬಹುದು. ಇಲ್ಲವಾದರೆ ಅಷ್ಟರೊಳಗೆ ತಾವೇ ಏನಾದರೂ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ. ಎರಡಕ್ಕೂ ನನ್ನ ವಿಭಾಗ ಸಿದ್ಧವಿದೆ.